ಒಂಟಿಯಾಗಿ ಆಡಿದ ಎಡೆದೊರೆಯ ಯುದ್ಧ
(ಬಾನುಲಿ ಭಾಷಣ)

ಚದುರಂಗ ನಮಗೆ ಹೊಸದಲ್ಲ. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೈನ್ಯವನ್ನು ೬೪ ಮನೆಗಳ ಹಾಸಿನ ಮೇಲೆ ಇಳಿಸಿ, ಸಂಜೆಯೊಂದನ್ನು ಕಳೆಯುವ ವಿದ್ಯೆ ಈ ದೇಶದಲ್ಲಿ ಬಹಳ ಹಳೆಯದು. ಆದರೆ ಚದುರಂಗಕ್ಕೆ ಒಂದು ಕೊರತೆ ಇದೆ. ಅದರ ಎರಡು ಸೈನ್ಯಗಳೂ ಸಮಬಲದವು. ಅದರ ನೆಲ ಸಮತಟ್ಟಾದುದು. ಅಲ್ಲಿ ಬಿಸಿಲಿಲ್ಲ, ಬಾಯಾರಿಕೆಯಿಲ್ಲ, ದಾಟಬೇಕಾದ ನದಿಯಿಲ್ಲ, ತಡವಾಗಿ ತಲುಪುವ ಓಲೆಯಿಲ್ಲ. ಚರಿತ್ರೆಯ ಯುದ್ಧಗಳಲ್ಲಾದರೋ ಗೆಲುವು ಸೋಲುಗಳನ್ನು ತೀರ್ಮಾನಿಸಿದ್ದು ಅನೇಕ ವೇಳೆ ಇವೇ.

ಈ ಕೊರತೆಯನ್ನು ತುಂಬಲೆಂದು ಹುಟ್ಟಿದ ಆಟವೊಂದಿದೆ. ಅದನ್ನು ಸಮರಕ್ರೀಡೆ ಎನ್ನೋಣ. ನಿಜವಾಗಿ ನಡೆದ ಒಂದು ದಂಡಯಾತ್ರೆಯನ್ನು ನಕಾಶೆಯ ಮೇಲೆ ಮತ್ತೆ ನಡೆಸಿ ನೋಡುವುದು ಅದರ ಕ್ರಮ. ಅದನ್ನು ಎದುರಾಳಿಯಿಲ್ಲದೆ, ಮನೆಯ ಮೇಜಿನ ಮೇಲೆ, ಒಬ್ಬನೇ ಕುಳಿತು ಆಡುವವರೂ ಉಂಟು. ಅವರಲ್ಲಿ ನಾನೂ ಒಬ್ಬ. ನಾನು ಆರಿಸಿಕೊಂಡ ಹಾಸು ರಾಯಚೂರು ಸೀಮೆ. ಕೃಷ್ಣೆ, ತುಂಗಭದ್ರೆಯರ ನಡುವಣ ದೋಆಬ್. ನಮ್ಮ ಶಾಸನಗಳು ಎಡೆದೊರೆ ನಾಡೆಂದು ಕರೆದ ನೆಲ. ಈ ಆಟ ಚರಿತ್ರೆಯನ್ನು ಓದುವ ರೀತಿಯನ್ನು ಹೇಗೆ ಬದಲಿಸುತ್ತದೆ, ಮತ್ತು ಎಲ್ಲಿ ಬಂದು ಸೋಲುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಆಟದ ಕುಲಗೋತ್ರ. ೧೮೨೪ರಲ್ಲಿ ಪ್ರಷ್ಯಾದ ಫಿರಂಗಿ ಪಡೆಯ ಅಧಿಕಾರಿ ರೈಸ್ವಿಟ್ಸ್ ಎಂಬಾತ, ತನ್ನ ತಂದೆ ಆರಂಭಿಸಿದ್ದ ಆಟವೊಂದನ್ನು ತಿದ್ದಿ, ನಿಜವಾದ ನಕಾಶೆಯ ಮೇಲೆ ಆಡುವಂತೆ ಮಾಡಿದ. ದಾಳ ಉರುಳಿಸಿ ಆಕಸ್ಮಿಕಕ್ಕೂ ಒಂದು ಪಾಲು ಕೊಟ್ಟ. ಅಲ್ಲಿನ ಸೇನಾಧಿಕಾರಿಗಳಿಗೆ ಅದು ಪಾಠವಾಯಿತು. ೧೯೧೩ರಲ್ಲಿ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದು, ತವರದ ಸಿಪಾಯಿಗಳನ್ನು ನೆಲದ ಮೇಲೆ ಸಾಲು ನಿಲ್ಲಿಸಿ ಆಡುವ ನಿಯಮಗಳನ್ನು ಸಾಮಾನ್ಯರ ಮನೆಗೆ ತಂದ. ಆ ಪುಸ್ತಕದ ಕೊನೆಯಲ್ಲಿ ಆತ ಹೇಳುವುದು ಯುದ್ಧಕ್ಕೆ ವಿರುದ್ಧವಾದ ಮಾತನ್ನು: ಈ ಚಿಕ್ಕ ಯುದ್ಧವನ್ನು ಆಡಿ ನೋಡಿದವನಿಗೆ ದೊಡ್ಡ ಯುದ್ಧ ಎಷ್ಟು ಮೂರ್ಖತನದ್ದೆಂದು ತಿಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಮರುವರ್ಷವೇ ಯೂರೋಪು ಮಹಾಯುದ್ಧಕ್ಕೆ ಇಳಿಯಿತು. ಒಬ್ಬನೇ ಆಡುವ ಬಗೆಯನ್ನೇ ಕುರಿತು ಡೊನಾಲ್ಡ್ ಫೆದರ್‌ಸ್ಟೋನ್ ೧೯೭೩ರಲ್ಲಿ ಒಂದು ಪುಸ್ತಕ ಬರೆದ.

ಒಬ್ಬನೇ ಕುಳಿತು ಹಾಸಿನೆದುರು ಯೋಚಿಸುವ ಸುಖವೇನೂ ಹೊರಗಿನಿಂದ ಬಂದುದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಬಂಧಗಳಲ್ಲಿ ನಿಷ್ಣಾತರಾಗಿದ್ದರು. ಅಲ್ಲಿ ಎದುರಾಳಿಯಿಲ್ಲ, ಕುದುರೆಯೊಂದು, ಹಾಸೊಂದು, ಮನಸ್ಸೊಂದು.

ಈಗ ನನ್ನ ಹಾಸಿನ ವಿಚಾರ. ಹಂಪೆಯ ಕಡೆಯಿಂದ ಹೊರಟ ಇಂದಿನ ಹೆದ್ದಾರಿ ಗಂಗಾವತಿ, ಕಾರಟಗಿಗಳನ್ನು ಹಾದು ಸಿಂಧನೂರಿಗೆ ಬರುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಈಶಾನ್ಯಕ್ಕೆ ನಡೆದರೆ ಮಾನ್ವಿ, ಅದರಾಚೆ ರಾಯಚೂರಿನ ಕೋಟೆ. ವಾಯವ್ಯಕ್ಕೆ ತಿರುಗಿದರೆ ಮಸ್ಕಿ, ಅದರ ಮುಂದೆ ಲಿಂಗಸುಗೂರು, ಲಿಂಗಸುಗೂರಿನಿಂದ ನೈಋತ್ಯಕ್ಕೆ ಹದಿನಾರು ಕಿಲೋಮೀಟರಿನಷ್ಟು ದೂರದಲ್ಲಿ ಮುದಗಲ್ಲಿನ ಕೋಟೆ. ಎಡೆದೊರೆಯ ಎರಡು ಬೀಗಗಳು ಇವು, ರಾಯಚೂರು ಮತ್ತು ಮುದಗಲ್ಲು. ಹದಿನಾಲ್ಕನೆಯ ಶತಮಾನದಿಂದ ೧೫೬೫ರವರೆಗೆ ವಿಜಯನಗರದವರೂ ಬಹಮನಿಗಳೂ, ಬಹಮನಿಗಳ ತರುವಾಯ ಬಿಜಾಪುರದವರೂ ಈ ಬೀಗಗಳಿಗಾಗಿ ಮತ್ತೆ ಮತ್ತೆ ಸೆಣಸಿದರು. ಅದಕ್ಕೂ ಹಿಂದೆ, ಹನ್ನೊಂದನೆಯ ಶತಮಾನದ ಮೊದಲಲ್ಲಿ, ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನನ್ನು ಎದುರಿಸಿದ ಮುಶಂಗಿ ಎಂಬುದು ಇದೇ ಮಸ್ಕಿ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಭೂಮಾಪನ ಇಲಾಖೆಯ ನಕಾಶೆಯನ್ನು ಎದುರಿಗಿಟ್ಟುಕೊಂಡು ಈ ಸೀಮೆಯನ್ನು ದೊಡ್ಡ ಹಾಳೆಯ ಮೇಲೆ ಬರೆಯುವಾಗ ನಾನು ಮಾಡಬೇಕಾಗಿ ಬಂದ ಮೊದಲ ಕೆಲಸ, ಇರುವುದನ್ನು ಅಳಿಸುವುದು. ಇಂದು ಸಿಂಧನೂರೆಂದರೆ ಬತ್ತದ ಗದ್ದೆ, ಅಕ್ಕಿ ಗಿರಣಿ. ಆದರೆ ಆ ಹಸುರು ತುಂಗಭದ್ರೆಯ ಎಡದಂಡೆ ಕಾಲುವೆ ತಂದದ್ದು. ಅಣೆಕಟ್ಟಿನ ನೀರು ಹರಿದದ್ದು ೧೯೫೩ರ ನಂತರ. ೧೫೨೦ರ ಎಡೆದೊರೆಯಲ್ಲಿ ಆ ಕಾಲುವೆಯನ್ನು ಅಳಿಸಿದೊಡನೆ ಉಳಿಯುವುದು ಎರೆಯ ಬಯಲು, ಜೋಳದ ಹೊಲ, ಬೇಸಿಗೆಯಲ್ಲಿ ಬತ್ತುವ ಹಳ್ಳ, ಅಲ್ಲೊಂದು ಇಲ್ಲೊಂದು ಕೆರೆ ಬಾವಿ. ಬೇಸಿಗೆಯಲ್ಲಿ ಆ ಎರೆ ಬಾಯಿಬಿಟ್ಟಿರುತ್ತದೆ. ಮಳೆ ಬಿದ್ದ ಮೇಲೆ ಬಂಡಿಯ ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಹೀಗೆ ಕಾಲುವೆ ಅಳಿಸಿದ ಮೇಲೆಯೇ ಕೃಷ್ಣದೇವರಾಯನ ದಂಡಯಾತ್ರೆ ನನಗೆ ಅರ್ಥವಾಗತೊಡಗಿತು.

ಕಾಲಾಳಿಗೆ ಹುಣಸೆಬೀಜ, ಕುದುರೆಗೆ ಕವಡೆ, ಫಿರಂಗಿಗೆ ಗುಲಗಂಜಿ. ನಡಿಗೆ ದಿನಕ್ಕೆ ಹತ್ತು ಕಿಲೋಮೀಟರು. ಎತ್ತುಗಳು ಎಳೆಯುವ ಫಿರಂಗಿಗಳೊಡನೆ ಅದಕ್ಕಿಂತ ಬೇಗ ಹೋಗಲಾಗದೆಂಬುದು ನನ್ನ ನಿಯಮ. ಆ ಲೆಕ್ಕದಲ್ಲಿ ಮಸ್ಕಿಯಿಂದ ಲಿಂಗಸುಗೂರಿಗೆ ಮೂರು ದಿನ. ಆದರೆ ಎರಡೂ ಕಡೆ ನಾನೇ ಇರುವಾಗ, ಬಲಗೈ ಬಲ್ಲದ್ದನ್ನು ಎಡಗೈಗೆ ತಿಳಿಯದಂತೆ ಮಾಡುವುದು ಹೇಗೆ? ಒಂಟಿ ಆಟದ ಸಮಸ್ತ ಕೌಶಲವೂ ಈ ಪ್ರಶ್ನೆಯಲ್ಲಿದೆ. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಪ್ರತಿಯೊಬ್ಬ ದಳಪತಿಯ ಅಪ್ಪಣೆಯನ್ನು ಮೂರು ದಿನ ಮುಂಚಿತವಾಗಿ ಬರೆದಿಡುವುದು. ಬರೆದ ಮೇಲೆ ತಿದ್ದುವಂತಿಲ್ಲ. ಓಲೆ ತಲುಪುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುವುದು ನಿಜವಾದ ಯುದ್ಧದ ಲಕ್ಷಣವಷ್ಟೆ. ಎರಡು, ಕಷ್ಟದ ಘಳಿಗೆಯಲ್ಲಿ ಆ ಅರಸನ ಮುಂದೆ ಇರಬಹುದಾದ ಮೂರು ದಾರಿಗಳನ್ನು ಮೂರು ಚೀಟಿಗಳಲ್ಲಿ ಬರೆದು ಒಂದನ್ನು ಎತ್ತುವುದು. ಚೀಟಿಯಲ್ಲಿ ಬರೆಯುವ ಮೂರೂ ದಾರಿಗಳು ಆ ಅರಸನಿಗೆ ಒಪ್ಪುವಂಥವಾಗಿರಬೇಕು. ಹೀಗೆ ಬರೆಯಲು ಕುಳಿತಾಗ ಅವನ ಪೀಠದಲ್ಲಿ ಕುಳಿತು, ಅವನಿಗೆ ಗೊತ್ತಿದ್ದುದನ್ನು ಮಾತ್ರ ನಾವೂ ತಿಳಿದಿರಬೇಕಾಗುತ್ತದೆ. ಪಕ್ಷಪಾತಕ್ಕೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಾಣೆ.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ಯುದ್ಧವಾದ ಸುಮಾರು ಹದಿನೈದು ವರ್ಷಗಳ ತರುವಾಯ ವಿಜಯನಗರದಲ್ಲಿದ್ದು ಈ ದಂಡಯಾತ್ರೆಯ ದೀರ್ಘ ವೃತ್ತಾಂತ ಬರೆದಿದ್ದಾನೆ. ರಾಬರ್ಟ್ ಸೆವೆಲ್ ೧೯೦೦ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿ ಅದರ ಅನುವಾದವಿದೆ. ನ್ಯೂನಿಜ್ ಕೊಡುವ ಅಂಕಿಗಳನ್ನು ಕೂಡಿಸಿದರೆ ರಾಯನ ಸೈನ್ಯ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆ. ಓದುವಾಗ ನಾವು ಈ ಸಂಖ್ಯೆಗೆ ಬೆರಗಾಗಿ ಮುಂದಕ್ಕೆ ಹೋಗುತ್ತೇವೆ. ಆಡುವಾಗ ಹಾಗೆ ಹೋಗಲಾಗದು. ಆಳಿಗೆ ದಿನಕ್ಕೆ ನಾಲ್ಕು ಲೀಟರು ನೀರು, ಕುದುರೆಗೆ ಮೂವತ್ತು, ಆನೆಗೆ ನೂರೈವತ್ತು ಎಂದು ಕೈಬಿಗಿದು ಹಿಡಿದರೂ ದಿನಕ್ಕೆ ೩೯ ಲಕ್ಷ ಲೀಟರುಗಳಿಗೆ ಸಮೀಪವಾಗುತ್ತದೆ. ಸಂಖ್ಯೆ ಅತಿಶಯೋಕ್ತಿಯೆಂದು ಹತ್ತನೆಯ ಒಂದು ಪಾಲನ್ನೇ ಇಟ್ಟುಕೊಂಡರೂ ೪ ಲಕ್ಷಕ್ಕೆ ಹತ್ತಿರ. ಬೇಸಿಗೆಯ ಎಡೆದೊರೆಯಲ್ಲಿ, ಸಿಂಧನೂರು ಮಾನ್ವಿಗಳ ನಡುವೆ, ದಿನವೂ ಇಷ್ಟು ನೀರು ಎಲ್ಲಿಂದ?

ಇದರ ಉತ್ತರ ನ್ಯೂನಿಜನ ಪುಟಗಳಲ್ಲೇ ಇದೆ. ಕತ್ತಿಯ ಮಾತುಗಳ ನಡುವೆ ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟೆ. ಸೈನ್ಯದ ದಾರಿಯುದ್ದಕ್ಕೂ ನೀರು ಹೊರುವ ಹತ್ತು ಹನ್ನೆರಡು ಸಾವಿರ ಮಂದಿಯನ್ನು ನೇಮಿಸಿತ್ತೆಂದು ಆತ ಹೇಳುತ್ತಾನೆ. ಸೈನ್ಯ ಒಂದು ಹೊಳೆಗೆ ಬಂದಾಗ ನೀರು ಮೊಳಕಾಲಿನ ಅರ್ಧದವರೆಗೆ ಇತ್ತು. ಅರ್ಧ ಜನ ದಾಟುವುದರೊಳಗೆ ಅದು ಹನಿಯೂ ಇಲ್ಲದೆ ಒಣಗಿತು. ಹಿಂದೆ ಉಳಿದವರು ಮರಳಿನಲ್ಲಿ ಗುಂಡಿ ತೋಡಿ ನೀರು ಹುಡುಕಿದರು. ನನ್ನ ಮಟ್ಟಿಗೆ ಈ ದಂಡಯಾತ್ರೆಯ ಮರೆಯಲಾಗದ ಚಿತ್ರ ಅದು. ಮರಳಿನಲ್ಲಿ ಒರತೆ ತೋಡಿ ನೀರು ತುಂಬಿಕೊಳ್ಳುವುದು ನಮ್ಮ ಸೀಮೆಯ ಜನಕ್ಕೆ ಪುಸ್ತಕದ ಮಾತಲ್ಲ. ಮುಂದೆ ರಾಯನು ಬಿಜಾಪುರಕ್ಕೇ ಹೋದಾಗ, ಆ ಊರಿಗೆ ನೀರೊದಗಿಸುತ್ತಿದ್ದ ಎರಡು ಕೆರೆಗಳನ್ನು ಒಡೆದುಬಿಟ್ಟದ್ದರಿಂದ ಅಲ್ಲಿ ನಿಲ್ಲಲಾಗದೆ ಹಿಂದಿರುಗಬೇಕಾಯಿತೆಂದೂ ನ್ಯೂನಿಜ್ ಹೇಳುತ್ತಾನೆ. ಕೋಟೆ ಗೆದ್ದವನನ್ನು ಒಡೆದ ಕೆರೆ ಹಿಮ್ಮೆಟ್ಟಿಸಿತು.

ಈಗ ಯುದ್ಧದ ದಿನ. ಸೆವೆಲ್ಲನ ಲೆಕ್ಕದಲ್ಲಿ ಅದು ೧೫೨೦ರ ಮೇ ೧೯. ರಾಯನು ರಾಯಚೂರಿಗೆ ಮುತ್ತಿಗೆ ಹಾಕಿದ್ದಾನೆ. ಬಿಡಿಸಲು ಬಂದ ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣೆಯ ಆಚೆ ದಂಡೆಯಲ್ಲಿದ್ದಾನೆ. ಇಲ್ಲಿ ನಮಗೆ ಇಬ್ಬರು ಸಾಕ್ಷಿಗಳು. ವಿಜಯನಗರದಲ್ಲಿ ಕೇಳಿ ಬರೆದವನು ನ್ಯೂನಿಜ್. ಬಿಜಾಪುರದ ಆಸ್ಥಾನದಲ್ಲಿ, ಘಟನೆಯಾಗಿ ಎಂಬತ್ತು ವರ್ಷಗಳ ಮೇಲೆ ಬರೆದವನು ಫಿರಿಶ್ತಾ. ಇಸ್ಮಾಯಿಲನು ಮದ್ಯದ ಅಮಲಿನಲ್ಲಿ, ಸೈನ್ಯದ ಚಿಕ್ಕ ಭಾಗದೊಡನೆ ದುಡುಕಿ ನದಿ ದಾಟಿ ಕೆಟ್ಟನೆಂದು ಫಿರಿಶ್ತಾ ಹೇಳುತ್ತಾನೆ. ನ್ಯೂನಿಜನ ವೃತ್ತಾಂತದಲ್ಲಿ ದೊಡ್ಡ ಸೈನ್ಯವೇ ದಾಟಿ ಬಂದು, ಫಿರಂಗಿಗಳನ್ನು ಸಾಲಾಗಿ ಹೂಡಿ ನಿಂತಿದೆ. ಹಾಸಿನ ಎರಡು ಪೀಠಗಳಿಗೆ ಎರಡು ಗ್ರಂಥಗಳು. ನಾನು ಎರಡನ್ನೂ ಬೇರೆ ಬೇರೆಯಾಗಿ ಆಡಿದೆ.

ಇಸ್ಮಾಯಿಲನ ಪೀಠದಲ್ಲಿ ಕುಳಿತವನಿಗೆ ಮದ್ಯದ ಕತೆ ಅಷ್ಟು ಅಗತ್ಯವೆನಿಸುವುದಿಲ್ಲ. ಮೇ ತಿಂಗಳಲ್ಲಿ ಕೃಷ್ಣೆ ಇಳಿದಿರುತ್ತಾಳೆ. ಇನ್ನೊಂದು ತಿಂಗಳು ಕಾದರೆ ಮುಂಗಾರು. ಹೊಳೆ ತುಂಬಿ ದಾರಿ ಮುಚ್ಚುತ್ತದೆ, ಅಷ್ಟರಲ್ಲಿ ರಾಯಚೂರು ಕೈಬಿಟ್ಟಿರುತ್ತದೆ. ಚೀಟಿಗಳನ್ನು ಬರೆಯುವಾಗ ದಾಟುವುದೆಂಬ ದಾರಿಯೇ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಸೋತ ಅರಸನ ನಿರ್ಧಾರವನ್ನು ಅಮಲೆಂದು ಕರೆಯುವುದು ಸುಲಭ; ಅವನ ಮುಂದೆ ಬೇರೆ ದಾರಿ ಎಷ್ಟಿತ್ತೆಂದು ಕೇಳುವುದು ಕಷ್ಟ.

ನ್ಯೂನಿಜನಂತೆ ಆಡಿದಾಗ ಮೊದಲ ಹೊತ್ತು ಬಿಜಾಪುರದ್ದೇ. ರಾಯನ ಮುಂಪಡೆ ನುಗ್ಗುತ್ತದೆ. ಫಿರಂಗಿಗಳೆಲ್ಲ ಒಮ್ಮೆಗೇ ಸಿಡಿಯುತ್ತವೆ. ಮುಂಪಡೆ ಒಡೆದು ಹಿಂದೆ ಸರಿಯುತ್ತದೆ. ಆಗ ರಾಯನು ತನ್ನ ಬೆರಳಿನ ಉಂಗುರ ತೆಗೆದು, ತಾನು ಮಡಿದರೆ ರಾಣಿಯರಿಗೆ ಗುರುತಾಗಲೆಂದು ಸೇವಕನ ಕೈಗಿತ್ತು, ಉಳಿದ ಪಡೆಯೊಡನೆ ಮೇಲೇರಿ ಹೋದನೆಂದು ನ್ಯೂನಿಜ್ ಬರೆಯುತ್ತಾನೆ. ಶೌರ್ಯ ದೊಡ್ಡದೇ. ಆದರೆ ಹಾಸಿನ ಮೇಲೆ ಕಾಣುವುದು ಇನ್ನೊಂದು ಸಂಗತಿ: ಒಟ್ಟಿಗೆ ಸಿಡಿದ ಫಿರಂಗಿಗಳು ಮತ್ತೆ ಮದ್ದು ತುಂಬುವವರೆಗೆ ಬರಿಯ ಕಬ್ಬಿಣ. ಆ ಬಿಡುವಿನಲ್ಲಿ ಕುದುರೆ ತಲುಪಿತು. ಬಿಜಾಪುರದ ಬೆನ್ನಿಗೆ ಕೃಷ್ಣೆ ಇದ್ದಳು. ಹಿಂದೆ ಸರಿಯಲು ನೆಲವಿರಲಿಲ್ಲ. ರಾಯನಿಗೆ ೪೦೦ ದೊಡ್ಡ ಫಿರಂಗಿಗಳೂ ೪,೦೦೦ ಕುದುರೆಗಳೂ ಸಿಕ್ಕವೆಂದು ನ್ಯೂನಿಜನ ಲೆಕ್ಕ. ಈ ಕಾಳಗವನ್ನು ಕುರಿತು ಬರೆದ ರಿಚರ್ಡ್ ಈಟನ್ ಒಂದು ವಿಚಿತ್ರವನ್ನು ಎತ್ತಿ ತೋರಿಸಿದ್ದಾರೆ: ಫಿರಂಗಿಯನ್ನು ಗೆದ್ದ ವಿಜಯನಗರ ಆ ವಿದ್ಯೆಯನ್ನು ಅಷ್ಟಾಗಿ ಕಲಿಯಲಿಲ್ಲ, ಸೋತ ಬಿಜಾಪುರ ಕಲಿತು ಕೋಟೆಗಳನ್ನು ಅದಕ್ಕೆ ತಕ್ಕಂತೆ ತಿದ್ದಿಕೊಂಡಿತು. ೧೫೬೫ರ ಬೀಜ ೧೫೨೦ರ ಗೆಲುವಿನಲ್ಲಿ ಬಿದ್ದಿತ್ತೆಂದು ಹೇಳಬಹುದು.

ಇಷ್ಟರವರೆಗೆ ಆಟ ಒಳ್ಳೆಯ ಗುರು. ಇನ್ನು ಅದು ಸೋಲುವ ಎಡೆಗೆ ಬರೋಣ.

ಹಾಸಿಗೆ ಪೀಠಗಳು ಎರಡೇ. ನನ್ನ ಸೈನ್ಯ ಮಸ್ಕಿಯ ಹಳ್ಳದ ಬಳಿ ಒಂದು ರಾತ್ರಿ ತಂಗಿದಾಗ ನಾನು ಕಾಗದದ ಮೇಲೆ ಮೇವು ಒಂದು ದಿನದ್ದು, ನೀರು ಒಂದು ದಿನದ್ದು ಎಂದು ಬರೆದುಕೊಳ್ಳುತ್ತೇನೆ. ಆ ಮೇವು ಯಾರ ಬಣವೆಯದು? ಆ ಬಾವಿ ಬತ್ತಿದ ಮೇಲೆ ಮುಂಗಾರಿನವರೆಗೆ ಆ ಊರಿನ ಹೆಂಗಸರು ನೀರಿಗೆ ಎಲ್ಲಿಗೆ ಹೋದರು? ಅವರಿಗೆ ನನ್ನ ಹಾಸಿನಲ್ಲಿ ಕಾಯಿಯಿಲ್ಲ. ಹುಣಸೆಬೀಜ ಸಿಪಾಯಿಯದು, ಕವಡೆ ಸವಾರನದು. ರೈತನಿಗೆ ಏನೂ ಇಲ್ಲ. ಬಖೈರುಗಳಲ್ಲೂ ತವಾರೀಖುಗಳಲ್ಲೂ ಅವನಿಗೆ ಸಿಕ್ಕ ಜಾಗ ಇದಕ್ಕಿಂತ ಬಹಳ ಹೆಚ್ಚಲ್ಲ. ೧೪೦೬ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ನೆಪವಾದಳೆಂದು ಫಿರಿಶ್ತಾ ಹೇಳುತ್ತಾನೆ. ಅವಳನ್ನು ಹಿಡಿದು ತರಲು ದೇವರಾಯ ಕಳಿಸಿದ ಪಡೆಗೆ ಅವಳು ಸಿಗಲಿಲ್ಲ; ಆ ಪಡೆ ಹಿಂದಿರುಗುವಾಗ ದಾರಿಯ ಊರುಗಳನ್ನು ಸೂರೆಮಾಡಿತು. ಆ ಊರುಗಳ ಹೆಸರು ಅಲ್ಲಿಲ್ಲ.

ಆದರೂ ಈ ನೆಲದ ಯುದ್ಧಗಳಲ್ಲಿ ಮೂರನೆಯ ಪೀಠವೊಂದು ಅಪರೂಪಕ್ಕೆ ಕಾಣಿಸಿಕೊಂಡಿದೆ. ೧೩೬೬ರಲ್ಲಿ ಬುಕ್ಕರಾಯನಿಗೂ ಮಹಮ್ಮದ್ ಶಾಹ ಬಹಮನಿಗೂ ನಡೆದ ಯುದ್ಧ ಮುದಗಲ್ಲಿನ ಕಾವಲುಪಡೆಯ ಹತ್ಯೆಯಿಂದ ಆರಂಭವಾಗಿ, ಶಸ್ತ್ರ ಹಿಡಿಯದವರ ಘೋರ ಕಗ್ಗೊಲೆಯವರೆಗೆ ಹೋಯಿತು. ಕೊನೆಗೆ ವಿಜಯನಗರದ ರಾಯಭಾರಿಗಳು ಸುಲ್ತಾನನ ಮುಂದೆ ನಿಂತು, ಎರಡು ರಾಜ್ಯಗಳೂ ನೆರೆಹೊರೆಯಾಗಿ ಬಹುಕಾಲ ಬಾಳಬೇಕಾದವು, ನಿರಾಯುಧರನ್ನು ಕೊಲ್ಲದಿರುವ ಕಟ್ಟು ನಮ್ಮೊಳಗೆ ಆಗಲೆಂದು ಕೇಳಿಕೊಂಡರೆಂದೂ ಸುಲ್ತಾನನು ಹಾಗೆಂದು ಆಣೆಯಿಟ್ಟನೆಂದೂ ಫಿರಿಶ್ತಾ ಬರೆಯುತ್ತಾನೆ. ೧೫೨೦ರಲ್ಲಿ ಕೃಷ್ಣೆಯ ದಂಡೆಯ ಮೇಲೆ, ಓಡುತ್ತಿದ್ದವರನ್ನು ಕೊಲ್ಲುವುದು ಸಾಕೆಂದು ಕೃಷ್ಣದೇವರಾಯನೇ ತಡೆದನಂತೆ. ತಪ್ಪು ಮಾಡದ ಎಷ್ಟೋ ಜನ ಆ ದಿನ ಸತ್ತಿದ್ದರೆಂಬುದು ಅವನು ಕೊಟ್ಟ ಕಾರಣವೆಂದು ನ್ಯೂನಿಜನ ಮಾತು. ಆಟದ ನಿಯಮದಲ್ಲಿ ಇಂಥ ಆಣೆಗೆ, ಇಂಥ ತಡೆಗೆ ಸ್ಥಳವಿಲ್ಲ. ಬೆನ್ನಟ್ಟುವುದನ್ನು ಬಿಟ್ಟರೆ ನಷ್ಟ ನನಗೇ. ಆದುದರಿಂದ ನಾನು ಒಂದು ನಿಯಮವನ್ನು ಸೇರಿಸಿದ್ದೇನೆ: ಸೈನ್ಯ ತಂಗಿದ ಪ್ರತಿಯೊಂದು ಊರಿನ ಹೆಸರನ್ನೂ, ಅಲ್ಲಿ ತೆಗೆದುಕೊಂಡ ಮೇವು ನೀರುಗಳನ್ನೂ ಬೇರೊಂದು ಪುಸ್ತಕದಲ್ಲಿ ಬರೆದು, ಕೊನೆಯಲ್ಲಿ ಗೆದ್ದವನ ಲೆಕ್ಕದಿಂದ ಕಳೆಯುವುದು. ಈ ನಿಯಮದಂತೆ ಆಡಿದ ದಂಡಯಾತ್ರೆಗಳಲ್ಲಿ ಯಾವ ಅರಸನೂ ಪೂರ್ತಿಯಾಗಿ ಗೆದ್ದದ್ದಿಲ್ಲ.

ಈ ಲೆಕ್ಕ ಹಳೆಯ ಕಾಲಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ಸಿಂಧನೂರಿನ ಸುತ್ತಣ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ನೆಲೆಸಿವೆ. ಬೇರೆಯವರು ಎಳೆದ ಗಡಿಗಳು, ಬೇರೆಯವರು ಹೂಡಿದ ಕಲಹಗಳು ಅವರನ್ನು ಈ ಎರೆಯ ನಾಡಿಗೆ ತಂದವು. ಯಾವ ಹಾಸಿನ ಮೇಲೂ ಅವರಿಗೆ ಕಾಯಿಯಿರಲಿಲ್ಲ.

ಕೊನೆಯದಾಗಿ ಮಸ್ಕಿಯ ಬಂಡೆಯ ಮಾತು. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿ ಒಂದು ಶಾಸನವನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ದೇವಾನಾಂಪ್ರಿಯನೆಂದು ಮಾತ್ರ ತಿಳಿದಿದ್ದ ಶಾಸನಕರ್ತನಿಗೆ ಅಶೋಕನೆಂಬ ಹೆಸರನ್ನು ಮೊದಲು ಕೊಟ್ಟು ಸಂದೇಹ ಕಳೆದ ಬಂಡೆ ಅದು. ಕಳಿಂಗದ ಪಶ್ಚಾತ್ತಾಪದ ಮಾತು ಅದರಲ್ಲಿಲ್ಲ. ಧರ್ಮದಲ್ಲಿ ತೊಡಗಿದರೆ ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಉನ್ನತಿಯನ್ನು ಪಡೆಯಬಲ್ಲರೆಂಬ ಮಾತಿದೆ. ಚಿಕ್ಕವರಿಗೂ ಪೀಠವಿದೆ ಎಂದು ಎಡೆದೊರೆಯ ನಟ್ಟನಡುವೆ, ಯುದ್ಧವನ್ನು ಗೆದ್ದು ಬಿಟ್ಟ ಅರಸನೊಬ್ಬ ಕೊರೆಯಿಸಿದ ಮಾತು.

ಚೋಳರ, ಚಾಲುಕ್ಯರ, ರಾಯರ, ಸುಲ್ತಾನರ ಪಡೆಗಳು ಶತಮಾನಗಳ ಕಾಲ ಈ ಸೀಮೆಯಲ್ಲಿ ಸುಳಿದವು. ಅವರಲ್ಲಿ ಯಾರಿಗೂ ಆ ಲಿಪಿ ಓದಲು ಬರುತ್ತಿರಲಿಲ್ಲ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು ೧೮೩೭ರಲ್ಲಿ. ಓದಲಾಗದ್ದಕ್ಕೆ ಅವರನ್ನು ದೂರಲಾಗದು. ನಮಗೆ ಆ ನೆಪವಿಲ್ಲ. ಆದುದರಿಂದಲೇ ನನ್ನ ಹಾಸಿನ ಮೇಲೆ ಮಸ್ಕಿ ಇರುವ ಕಡೆ ಒಂದು ಸಣ್ಣ ಕಲ್ಲನ್ನು ಇಟ್ಟಿದ್ದೇನೆ. ಅದು ಯಾವ ಪಕ್ಷದ್ದೂ ಅಲ್ಲ. ಅದನ್ನು ನಡೆಸುವಂತಿಲ್ಲ, ಕಡಿಯುವಂತಿಲ್ಲ. ಪಡೆಗಳು ಅದನ್ನು ಬಳಸಿಕೊಂಡೇ ಹೋಗಬೇಕು.